ಟೈರಿನ ಗಾಳಿ ಮತ್ತು ಹಳದಿ ದೀಪ



ಕಾರಿನ ಚಾಲಕನ ಮುಂದಿರುವ ಫಲಕದಲ್ಲಿ, ವೇಗ ತೋರಿಸುವ ಮುಳ್ಳಿನ ಆಸುಪಾಸಿನಲ್ಲಿ, ಒಮ್ಮೊಮ್ಮೆ ಒಂದು ಸಣ್ಣ ಹಳದಿ ದೀಪ ಹೊತ್ತಿಕೊಳ್ಳುವುದನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಕುದುರೆಯ ಲಾಳವನ್ನು ಹೋಲುವ ಬಾಗಿದ ಗೆರೆ. ಅದರ ಬುಡದಲ್ಲಿ ಗರಗಸದ ಹಲ್ಲಿನಂತಹ ಕಚ್ಚುಗಳು. ನಡುವೆ ಒಂದು ಆಶ್ಚರ್ಯಸೂಚಕ ಚಿಹ್ನೆ. ಟೈರನ್ನು ಅಡ್ಡಲಾಗಿ ಕತ್ತರಿಸಿದರೆ ಕಾಣುವ ಆಕಾರವೇ ಅದು. ಹಲ್ಲುಗಳು ನೆಲಕ್ಕೆ ತಾಗುವ ಭಾಗದವು. ಟೈರಿನಲ್ಲಿ ಗಾಳಿ ಕಡಿಮೆಯಾಗಿದೆ ಎಂದು ಕಾರು ನಮಗೆ ತಿಳಿಸುವ ಬಗೆ ಅದು.

ಈ ದೀಪ ಹೊತ್ತಿದಾಗ ನಮ್ಮ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಇದನ್ನು ಆರಿಸೋದು ಹೇಗೆ?" ಕಾರಿನಲ್ಲಿ 'ಸೆಟ್' ಎಂದು ಬರೆದ ಒಂದು ಗುಂಡಿ ಇರುತ್ತದೆ, ಅದನ್ನು ಒತ್ತಿ ಹಿಡಿದರೆ ದೀಪ ಆರುತ್ತದೆ ಎಂದು ಯಾರೋ ಹೇಳುತ್ತಾರೆ. ಅದು ನಿಜವೂ ಹೌದು. ಆದರೆ ಆ ಗುಂಡಿ ಒತ್ತಿದಾಗ ಕಾರಿನೊಳಗೆ ನಿಜವಾಗಿ ಏನಾಗುತ್ತದೆ ಎಂಬುದನ್ನು ತಿಳಿಯದೆ ಒತ್ತಿದರೆ, ಕಾರಿಗೆ ನಾವು ಒಂದು ಸುಳ್ಳನ್ನು ಕಲಿಸಿದಂತಾಗುತ್ತದೆ. ಆ ಸುಳ್ಳಿನ ಮೇಲೆ ನಾಲ್ಕೈದು ಜನರನ್ನು ಕೂರಿಸಿಕೊಂಡು ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಹೋಗುತ್ತೇವೆ. ಹೀಗೇಕೆ ಎಂಬುದನ್ನು ಇಂದು ಸ್ವಲ್ಪ ವಿವರವಾಗಿ ನೋಡೋಣ. ಇದರಲ್ಲಿ ನಿಮ್ಮ ಪಠ್ಯಪುಸ್ತಕದ ಭೌತಶಾಸ್ತ್ರವೂ ಬಹಳಷ್ಟಿದೆ.

ಮೊದಲು ಈ ದೀಪ ಕಾರಿಗೆ ಬಂದ ಕಥೆ. 1980ರ ದಶಕದ ಉತ್ತರಾರ್ಧದಲ್ಲಿಯೇ ಪೋರ್ಷೆ 959 ಎಂಬ ದುಬಾರಿ ಜರ್ಮನ್ ಕಾರಿನಲ್ಲಿ ಟೈರಿನ ಒತ್ತಡವನ್ನು ಗಮನಿಸುವ ಏರ್ಪಾಡಿತ್ತು. ಆದರೆ ಸಾಮಾನ್ಯ ಜನರ ಕಾರುಗಳಿಗೆ ಅದು ಬಂದದ್ದು ಒಂದು ದುರಂತಸರಣಿಯ ನಂತರ. ಅಮೆರಿಕದಲ್ಲಿ ಫೋರ್ಡ್ ಕಂಪನಿಯ ಎಕ್ಸ್‌ಪ್ಲೋರರ್ ಎಂಬ ಎತ್ತರದ ವಾಹನಗಳಿಗೆ ಫೈರ್‌ಸ್ಟೋನ್ ಕಂಪನಿಯ ಟೈರುಗಳನ್ನು ಹಾಕಲಾಗುತ್ತಿತ್ತು. ಬಿಸಿಲಿನ ದಿನಗಳಲ್ಲಿ, ಹೆದ್ದಾರಿಯ ವೇಗದಲ್ಲಿ, ಆ ಟೈರುಗಳ ಮೇಲ್ಪದರ ಒಳಗಿನ ಉಕ್ಕಿನ ಪಟ್ಟಿಗಳಿಂದ ಸಿಪ್ಪೆ ಸುಲಿದಂತೆ ಕಳಚಿಕೊಳ್ಳತೊಡಗಿತು. ವಾಹನಗಳು ಉರುಳಿದವು. 200ಕ್ಕೂ ಹೆಚ್ಚು ಜನ ಸತ್ತರು. 2000ದ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಸಿಕೊಳ್ಳುವುದಾಗಿ ಪ್ರಕಟಿಸಿತು.

ತಪ್ಪು ಯಾರದು ಎಂಬ ಜಗಳದಲ್ಲಿ ನಮ್ಮ ವಿಷಯಕ್ಕೆ ಸಂಬಂಧಿಸಿದ ಒಂದು ಅಂಶವಿದೆ. ಆ ವಾಹನದ ಟೈರಿಗೆ 26 ಪಿ.ಎಸ್.ಐ. ಗಾಳಿ ಸಾಕು ಎಂದು ಫೋರ್ಡ್ ಹೇಳಿತ್ತು. 30 ಇರಬೇಕಿತ್ತು ಎಂದು ಫೈರ್‌ಸ್ಟೋನ್ ವಾದಿಸಿತು. ಟೈರಿನ ತಯಾರಿಕೆಯಲ್ಲಿ, ವಾಹನದ ವಿನ್ಯಾಸದಲ್ಲಿ ಬೇರೆ ದೋಷಗಳ ಮಾತೂ ಇತ್ತೆನ್ನಿ. ಆದರೆ ಕಡಿಮೆ ಗಾಳಿಯ ಟೈರು ಎಷ್ಟು ಕಾಯುತ್ತದೆ, ಕಾದರೆ ಏನಾಗುತ್ತದೆ ಎಂಬುದು ಇಡೀ ದೇಶಕ್ಕೆ ಗೊತ್ತಾಯಿತು. 2000ದ ನವೆಂಬರ್ 1ರಂದು ಅಧ್ಯಕ್ಷ ಕ್ಲಿಂಟನ್ ಒಂದು ಹೊಸ ಶಾಸನಕ್ಕೆ ಸಹಿ ಹಾಕಿದರು. ಹೊಸ ಕಾರುಗಳಲ್ಲಿ ಗಾಳಿ ಕಡಿಮೆಯಾದರೆ ಎಚ್ಚರಿಸುವ ವ್ಯವಸ್ಥೆ ಇರಬೇಕೆಂಬುದು ಅದರಲ್ಲಿ ಸೇರಿತ್ತು. ಅದಕ್ಕೆ ನಿಯಮ ರೂಪಿಸುವಲ್ಲಿ ಎಳೆದಾಟ ನಡೆಯಿತು. 2002ರ ನಿಯಮ ಒಂದೇ ಚಕ್ರದ ಗಾಳಿ ಇಳಿದುದನ್ನು ಗುರುತಿಸಿದರೂ ಸಾಕೆಂಬಷ್ಟು ಸಡಿಲವಾಗಿತ್ತು. 2003ರಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಕೊನೆಗೆ 2005ರಲ್ಲಿ ಬಂದ ನಿಯಮದ ಪ್ರಕಾರ ನಾಲ್ಕು ಟೈರುಗಳಲ್ಲಿ ಯಾವುದೇ ಒಂದರಲ್ಲಾಗಲಿ, ಎಲ್ಲದರಲ್ಲಾಗಲಿ, ಒತ್ತಡ ಶೇಕಡಾ 25ರಷ್ಟು ಇಳಿದರೆ ದೀಪ ಹೊತ್ತಲೇಬೇಕು. ಯೂರೋಪಿನಲ್ಲಿ 2014ರ ನವೆಂಬರ್‌ನಿಂದ ಎಲ್ಲ ಹೊಸ ಕಾರುಗಳಿಗೆ ಇಂಥ ವ್ಯವಸ್ಥೆ ಕಡ್ಡಾಯವಾಯಿತು. ನಮ್ಮ ದೇಶದ ನಿಯಮದ ಮಾತನ್ನು ಕಡೆಗೆ ಹೇಳುತ್ತೇನೆ. ಅದಕ್ಕೂ ಸ್ಟೆಪ್ನಿಗೂ ಸಂಬಂಧವಿದೆ.

ಕಡಿಮೆ ಗಾಳಿ ಏಕೆ ಅಪಾಯಕಾರಿ? ಕಾರಿನ ಭಾರವನ್ನು ಹೊರುವುದು ರಬ್ಬರಲ್ಲ, ಒಳಗೆ ಅದುಮಿಟ್ಟ ಗಾಳಿ. ಗಾಳಿ ಕಡಿಮೆಯಾದಾಗ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿನಲ್ಲಿಯೂ ಹೆಚ್ಚು ಹೆಚ್ಚು ಬಾಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಒಂದು ತಂತಿಯನ್ನು ಹಿಂದೆ ಮುಂದೆ ಬಾಗಿಸಿ ಬಾಗಿಸಿ ಬೆರಳಿಟ್ಟು ನೋಡಿ, ಅದು ಬಿಸಿಯಾಗಿರುತ್ತದೆ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಕಾರಿನ ಚಕ್ರ ಸೆಕೆಂಡಿಗೆ ಸುಮಾರು 15 ಸುತ್ತು ತಿರುಗುತ್ತದೆ. ಅಂದರೆ ಆ ಗೋಡೆಯ ಪ್ರತಿಯೊಂದು ಭಾಗವೂ ಸೆಕೆಂಡಿಗೆ 15 ಬಾರಿ ಬಾಗುತ್ತದೆ. ಆ ಬಿಸಿ ಹೊರಹೋಗುವುದಕ್ಕಿಂತ ಬೇಗ ಹುಟ್ಟಿದರೆ ರಬ್ಬರು ಮತ್ತು ಉಕ್ಕಿನ ಪಟ್ಟಿಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಊರೊಳಗಿನ ನಿಧಾನ ಸಂಚಾರದಲ್ಲಿ ಏನೂ ಆಗದ ಟೈರು ಬೆಂಗಳೂರು–ಮೈಸೂರಿನಂತಹ ಹೊಸ ಹೆದ್ದಾರಿಗಳಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ ಸಿಡಿಯಲು ಇದೊಂದು ಕಾರಣ. ಗಾಳಿ ಕಡಿಮೆಯಾದರೆ ಪೆಟ್ರೋಲೂ ಹೆಚ್ಚು ಖರ್ಚಾಗುತ್ತದೆ. ನಾಲ್ಕೂ ಟೈರುಗಳಲ್ಲಿ ಸರಾಸರಿ 1 ಪಿ.ಎಸ್.ಐ. ಇಳಿದರೆ ಇಂಧನದ ಬಳಕೆ ಸುಮಾರು ಶೇಕಡಾ 0.2ರಷ್ಟು ಏರುತ್ತದೆಂದು ಅಮೆರಿಕದ ಇಂಧನ ಇಲಾಖೆಯ ಅಂದಾಜು. ಆದರೆ ಅದು ಚಿಲ್ಲರೆ ಮಾತು. ಜೀವದ ಪ್ರಶ್ನೆಯೇ ದೊಡ್ಡದು.

ಈಗ, ಗಾಳಿ ಕಡಿಮೆಯಾದುದು ಕಾರಿಗೆ ತಿಳಿಯುವುದು ಹೇಗೆ? ಇದಕ್ಕೆ ಎರಡು ದಾರಿಗಳಿವೆ. ನಿಮ್ಮ ಮನೆಯ ಅಥವಾ ನೆಂಟರ ಮನೆಯ ಕಾರಿನಲ್ಲಿ ಇರುವುದು ಯಾವುದು ಎಂದು ತಿಳಿದುಕೊಳ್ಳದೆ ಮುಂದಿನ ಯಾವ ಕೆಲಸವೂ ಸರಿಯಾಗಿ ನಡೆಯುವುದಿಲ್ಲ.

ಮೊದಲನೆಯದು ನೇರ ವಿಧಾನ. ಪ್ರತಿ ಚಕ್ರದ ಒಳಗೆ, ಗಾಳಿ ತುಂಬುವ ವಾಲ್ವಿನ ಬುಡದಲ್ಲಿ, ಬೆಂಕಿಪೊಟ್ಟಣಕ್ಕಿಂತ ಸಣ್ಣದಾದ ಒಂದು ಸಂವೇದಕವಿರುತ್ತದೆ. ಸೆನ್ಸರ್ ಎಂದೇ ಎಲ್ಲರೂ ಕರೆಯುವುದರಿಂದ ನಾವೂ ಹಾಗೆಯೇ ಕರೆಯೋಣ. ಅದರಲ್ಲಿ ಒತ್ತಡವನ್ನೂ ಉಷ್ಣತೆಯನ್ನೂ ಅಳೆಯುವ ಚಿಪ್ಪು, ಒಂದು ಪುಟ್ಟ ರೇಡಿಯೋ ಪ್ರೇಷಕ, ಒಂದು ಲಿಥಿಯಂ ಬ್ಯಾಟರಿ ಇರುತ್ತವೆ. ಎಲ್ಲವನ್ನೂ ಸೇರಿಸಿ ತೂಕ ಸುಮಾರು 30 ಗ್ರಾಂ. ಇಷ್ಟು ಹಗುರವಾದ ವಸ್ತು ಎಂಥ ಕಷ್ಟದಲ್ಲಿ ಕೆಲಸ ಮಾಡುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಚಕ್ರದ ಕೇಂದ್ರದಿಂದ 20 ಸೆಂಟಿಮೀಟರ್ ದೂರದಲ್ಲಿ ಅದು ಕುಳಿತಿದೆ ಎಂದುಕೊಳ್ಳಿ. ನೂರು ಕಿಲೋಮೀಟರ್ ವೇಗದಲ್ಲಿ, ನೀವು ಕಲಿತ ಕೇಂದ್ರಾಭಿಮುಖ ವೇಗೋತ್ಕರ್ಷದ ಸೂತ್ರದಿಂದ, ಅದು ಅನುಭವಿಸುವ ವೇಗೋತ್ಕರ್ಷ ಗುರುತ್ವದ ಸುಮಾರು 175 ಪಟ್ಟು. 30 ಗ್ರಾಮಿನ ಸೆನ್ಸರ್ ಆಗ 5 ಕಿಲೋ ತೂಕದ ಕಲ್ಲಿನಂತೆ ತನ್ನ ಬುಡವನ್ನು ಅದುಮುತ್ತಿರುತ್ತದೆ.

ಈ ಸೆನ್ಸರಿನ ಬ್ಯಾಟರಿಯನ್ನು ಬದಲಿಸುವಂತಿಲ್ಲ. ನೀರು ಧೂಳು ಸೋಕದಂತೆ ಅದನ್ನು ಅಂಟಿನಲ್ಲಿ ಹುದುಗಿಸಿರುತ್ತಾರೆ. ಆದ್ದರಿಂದ ಅದು ಜಿಪುಣತನ ಕಲಿತಿದೆ. ಕಾರು ನಿಂತಾಗ ನಿದ್ದೆ ಮಾಡುತ್ತದೆ. ಚಕ್ರ ತಿರುಗತೊಡಗಿದಾಗ ಎದ್ದು, ನಿಮಿಷಕ್ಕೊಮ್ಮೆ ಎಂಬಂತೆ ಒಂದು ಕ್ಷಣಕಾಲ ರೇಡಿಯೋ ಸಂದೇಶ ಕಳಿಸಿ ಮತ್ತೆ ಸುಮ್ಮನಾಗುತ್ತದೆ. ಹೀಗೆ ಉಳಿಸಿಕೊಂಡರೂ ಬ್ಯಾಟರಿ ಬಾಳುವುದು ಐದರಿಂದ ಹತ್ತು ವರ್ಷ. ಭಾರತ ಮತ್ತು ಯೂರೋಪಿನ ಕಾರುಗಳಲ್ಲಿ ಈ ಸಂದೇಶ 433 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಹೋಗುತ್ತದೆ. ಅಮೆರಿಕದ ಬಹುಪಾಲು ಕಾರುಗಳಲ್ಲಿ 315 ಮೆಗಾಹರ್ಟ್ಸ್. ಪ್ರತಿಯೊಂದು ಸಂದೇಶದಲ್ಲಿಯೂ ಆ ಸೆನ್ಸರಿನದೇ ಆದ ಒಂದು ಗುರುತಿನ ಸಂಖ್ಯೆ ಇರುತ್ತದೆ. ಇಲ್ಲವಾದರೆ ಸಿಗ್ನಲ್ ದೀಪದಲ್ಲಿ ಪಕ್ಕ ನಿಂತ ಕಾರಿನ ಟೈರಿನ ಗಾಳಿಯನ್ನು ನಮ್ಮ ಕಾರು ತನ್ನದೆಂದು ಓದಿಬಿಡುತ್ತಿತ್ತು!

ಎರಡನೆಯದು ಪರೋಕ್ಷ ವಿಧಾನ. ನಮ್ಮ ದೇಶದ ಅನೇಕ ಕಾರುಗಳಲ್ಲಿ ಇರುವುದು ಇದೇ. ಇಲ್ಲಿ ಟೈರಿನೊಳಗೆ ಏನೂ ಇಲ್ಲ. ಬ್ರೇಕು ಹಾಕಿದಾಗ ಚಕ್ರ ಸಿಕ್ಕಿಕೊಂಡು ಜಾರದಂತೆ ತಡೆಯುವ ಎ.ಬಿ.ಎಸ್. ವ್ಯವಸ್ಥೆಗೆಂದು ಪ್ರತಿ ಚಕ್ರದ ಬಳಿ ಸುತ್ತುಗಳನ್ನು ಎಣಿಸುವ ಸಾಧನ ಮೊದಲೇ ಇರುತ್ತದೆ. ಅದರ ಲೆಕ್ಕವನ್ನೇ ಎರವಲು ಪಡೆದು ಗಾಳಿಯನ್ನು ಊಹಿಸುತ್ತಾರೆ. ಹೇಗೆಂದರೆ, ಗಾಳಿ ಇಳಿದ ಟೈರಿನ ತ್ರಿಜ್ಯ ಕೂದಲೆಳೆಯಷ್ಟು ಕಡಿಮೆಯಾಗುತ್ತದೆ. ತ್ರಿಜ್ಯ 30 ಸೆಂಟಿಮೀಟರ್ ಇರುವ ಚಕ್ರ ಒಂದು ಕಿಲೋಮೀಟರಿನಲ್ಲಿ ಸುಮಾರು 530 ಸುತ್ತು ಹಾಕುತ್ತದೆ. ತ್ರಿಜ್ಯ ಕೇವಲ ಒಂದು ಮಿಲಿಮೀಟರ್ ಕಡಿಮೆಯಾದರೆ ಅದೇ ದೂರಕ್ಕೆ ಸುಮಾರು 532 ಸುತ್ತು ಬೇಕು. ಈ ಎರಡು ಸುತ್ತಿನ ವ್ಯತ್ಯಾಸವನ್ನು ಕಾರಿನ ಗಣಕ ಹಿಡಿಯುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರ ಹೇಗಿದ್ದರೂ ಹೆಚ್ಚು ತಿರುಗುವುದರಿಂದ ಗಣಕ ಮೋಸ ಹೋಗಬಾರದಲ್ಲ. ಅದಕ್ಕಾಗಿ ಎದುರು-ಬದುರು ಮೂಲೆಯ ಚಕ್ರಗಳ ಜೋಡಿಗಳನ್ನು ಹೋಲಿಸಿ ನೋಡುತ್ತದೆ. ಬಹಳ ಜಾಣ ಉಪಾಯ ಎಂದೇ ನನ್ನ ಅಭಿಪ್ರಾಯ.

ಆದರೆ ಈ ಜಾಣತನಕ್ಕೆ ಒಂದು ಮಿತಿ ಇದೆ. ಹೊಸ ಟೈರಿನ ಮೇಲ್ಮೈಯಲ್ಲಿ ಸುಮಾರು 8 ಮಿಲಿಮೀಟರ್ ಆಳದ ಗೀರುಗಳಿರುತ್ತವೆ. ಸವೆದು ಬದಲಿಸುವ ಹೊತ್ತಿಗೆ ಅದು 1.6 ಮಿಲಿಮೀಟರಿಗೆ ಬಂದಿರುತ್ತದೆ. ಅಂದರೆ ಬರೀ ಸವೆತದಿಂದಲೇ ತ್ರಿಜ್ಯ 6 ಮಿಲಿಮೀಟರ್ ಬದಲಾಗಬಹುದು. ನೀವು ಹಿಂದಿನ ಒಂದು ಟೈರನ್ನು ಮಾತ್ರ ಹೊಸದು ಹಾಕಿಸಿದಿರಿ ಎನ್ನಿ. ಗಾಳಿ ಎಲ್ಲದರಲ್ಲಿಯೂ ಸರಿಯಾಗಿದ್ದರೂ ಗಣಕಕ್ಕೆ ಚಕ್ರಗಳು ಬೇರೆ ಬೇರೆಯಾಗಿ ತಿರುಗುವುದು ಕಾಣುತ್ತದೆ. ಆದ್ದರಿಂದ ನಾವು ಅದಕ್ಕೆ ಹೇಳಬೇಕು: "ನೋಡು, ಈಗ ಇರುವ ಸ್ಥಿತಿಯೇ ಸರಿಯಾದ ಸ್ಥಿತಿ, ಇದನ್ನು ನೆನಪಿಟ್ಟುಕೋ; ಇದರಿಂದ ಆಚೀಚೆಯಾದರೆ ಮಾತ್ರ ತಿಳಿಸು." ಸೆಟ್ ಗುಂಡಿಯನ್ನು ಒತ್ತುವುದರ ಅರ್ಥ ಇಷ್ಟೇ.

ಈಗ ಮೊದಲು ಹೇಳಿದ ಸುಳ್ಳಿನ ಮಾತು ನಿಮಗೆ ಸ್ಪಷ್ಟವಾಗಿರಬೇಕು. ಒಂದು ಟೈರಿಗೆ ಮೊಳೆ ಚುಚ್ಚಿ ಗಾಳಿ 33ರಿಂದ 24ಕ್ಕೆ ಇಳಿದಿದೆ. ದೀಪ ಹೊತ್ತಿದೆ. ನಾವು ಗಾಳಿ ತುಂಬಿಸದೆ ಗುಂಡಿ ಒತ್ತಿದೆವು. ದೀಪ ಆರಿತು. ಆದರೆ ಗಣಕ ಈಗ 24 ಪಿ.ಎಸ್.ಐ. ಇರುವ ಆ ಟೈರನ್ನೇ ಸರಿಯಾದದ್ದೆಂದು ಬರೆದುಕೊಂಡಿದೆ. ಇನ್ನು ಅದು ಮತ್ತೆ ಎಚ್ಚರಿಸಬೇಕಾದರೆ ಗಾಳಿ 24ರಿಂದ ಇನ್ನೂ ಬಹಳಷ್ಟು ಇಳಿಯಬೇಕು. ಕಾವಲುಗಾರನಿಗೆ ಕಳ್ಳನನ್ನು ತೋರಿಸಿ 'ಇವರು ನಮ್ಮ ಮನೆಯವರೇ' ಎಂದು ಪರಿಚಯ ಮಾಡಿಸಿದ ಹಾಗೆ.

ಇನ್ನು ಗಾಳಿಯನ್ನು ಸರಿಯಾಗಿ ಅಳೆಯುವ ವಿಚಾರ. ಇಲ್ಲಿ ನಿಮ್ಮ ಅನಿಲ ನಿಯಮಗಳು ನೇರವಾಗಿ ಕೆಲಸಕ್ಕೆ ಬರುತ್ತವೆ. ಗಾತ್ರ ಬದಲಾಗದಿದ್ದರೆ ಅನಿಲದ ಒತ್ತಡ ಅದರ ನಿರಪೇಕ್ಷ ಉಷ್ಣತೆಗೆ ಅನುಪಾತದಲ್ಲಿರುತ್ತದೆ. ಆದರೆ ಗೇಜು ತೋರಿಸುವುದು ಹೊರಗಿನ ವಾಯುಮಂಡಲಕ್ಕಿಂತ ಒಳಗೆ ಎಷ್ಟು ಹೆಚ್ಚಿದೆ ಎಂಬುದನ್ನು ಮಾತ್ರ. ಲೆಕ್ಕ ಮಾಡುವಾಗ ವಾಯುಮಂಡಲದ 14.7ನ್ನು ಸೇರಿಸಿಕೊಳ್ಳಬೇಕು, ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ಬೆಳಿಗ್ಗೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗೇಜು 33 ತೋರಿಸಿತು. ನಿಜವಾದ ಒತ್ತಡ 47.7. ಹೆದ್ದಾರಿಯಲ್ಲಿ ಓಡಿ ಒಳಗಿನ ಗಾಳಿ 60 ಡಿಗ್ರಿಗೆ ಏರಿತು. ಅಂದರೆ 303 ಕೆಲ್ವಿನ್‌ನಿಂದ 333ಕ್ಕೆ. ಒತ್ತಡ 52.4 ಆಗುತ್ತದೆ. 14.7 ಕಳೆದರೆ ಗೇಜಿನಲ್ಲಿ ಸುಮಾರು 37.7.

ದಾರಿಯಲ್ಲಿ ಪೆಟ್ರೋಲ್ ಬಂಕಿಗೆ ಹೋಗುತ್ತೀರಿ. "ಗಾಳಿ ಜಾಸ್ತಿ ಇದೆ ಸಾರ್, ಬಿಡ್ಲಾ?" ಎಂದು ಗಾಳಿ ಹೊಡೆಯುವ ಹುಡುಗ ಕೇಳುತ್ತಾನೆ. "ಬಿಡಪ್ಪಾ, 33 ಇರಲಿ" ಎನ್ನುತ್ತೀರಿ. ಮನೆಗೆ ಬಂದು ಕಾರು ತಣ್ಣಗಾದ ಮೇಲೆ ಆ ಟೈರಿನಲ್ಲಿ ಉಳಿಯುವುದು 33 ಅಲ್ಲ, ಸುಮಾರು 28.7. ನೀವೇ ಲೆಕ್ಕ ಹಾಕಿ ನೋಡಿ. ಮುಂದೆ ಚಳಿಗಾಲದ ಒಂದು ಬೆಳಿಗ್ಗೆ, 15 ಡಿಗ್ರಿಯಲ್ಲಿ, ಅದು ಇನ್ನೂ ಎರಡು ಪಿ.ಎಸ್.ಐ.ಗಿಂತ ಹೆಚ್ಚು ಇಳಿಯುತ್ತದೆ. ರಬ್ಬರಿನ ಮೂಲಕ ತಾನಾಗಿಯೇ ಸೋರಿಹೋಗುವ ಗಾಳಿ ತಿಂಗಳಿಗೆ ಒಂದೆರಡು ಪಿ.ಎಸ್.ಐ. ಇರುತ್ತದೆ, ಅದನ್ನೂ ಸೇರಿಸಿದರೆ ದೀಪ ಹೊತ್ತುವ ಗೆರೆಯ ಹತ್ತಿರ ಬಂದಿರುತ್ತೀರಿ. ಡಿಸೆಂಬರ್–ಜನವರಿಯ ಬೆಳಗಿನಲ್ಲಿ ಹೊತ್ತಿಕೊಂಡು ಹತ್ತು ಗಂಟೆಯ ಹೊತ್ತಿಗೆ ತಾನಾಗಿಯೇ ಆರುವ ದೀಪದ ರಹಸ್ಯ ಇದೇ. ಸೆನ್ಸರ್ ಕೆಟ್ಟಿದೆ ಎಂದು ಅದನ್ನು ದೂರುವವರು ಬಹಳ. ಪಾಪ, ಅದು ಹೇಳಿದ್ದು ನಿಜವನ್ನೇ.

ಎತ್ತರಕ್ಕೂ ಪರಿಣಾಮವಿದೆ. ಮಂಗಳೂರಿನಿಂದ ಮಡಿಕೇರಿಗೆ ಹತ್ತಿದರೆ ಸುಮಾರು 1,150 ಮೀಟರ್ ಮೇಲೇರಿದಂತೆ. ಅಲ್ಲಿ ಹೊರಗಿನ ವಾಯುಮಂಡಲದ ಒತ್ತಡ ಸುಮಾರು 2 ಪಿ.ಎಸ್.ಐ. ಕಡಿಮೆ; ಆದ್ದರಿಂದ ಗೇಜು ಅಷ್ಟು ಹೆಚ್ಚು ತೋರಿಸುತ್ತದೆ. ಅಲ್ಲಿಯ ತಂಪು ಅದನ್ನು ಮತ್ತೆ ಕೆಳಕ್ಕೆಳೆಯುತ್ತದೆ. ಹೀಗಾಗಿ ಘಟ್ಟ ಹತ್ತಿದವರು ಅವಸರದಲ್ಲಿ ಗಾಳಿ ಬಿಡುವ ಅಗತ್ಯವಿಲ್ಲ. ನೈಟ್ರೋಜನ್ ತುಂಬಿಸಿದರೆ ಈ ಏರಿಳಿತವೇ ಇರುವುದಿಲ್ಲ ಎನ್ನುವವರನ್ನು ನಂಬಬೇಡಿ. ಸಾದಾ ಗಾಳಿಯಲ್ಲಿಯೇ ಶೇಕಡಾ 78 ನೈಟ್ರೋಜನ್ ಇದೆ, ಅನಿಲ ನಿಯಮ ಎರಡಕ್ಕೂ ಒಂದೇ.

ಹಾಗಾದರೆ ಮನೆಯಲ್ಲಿ ಮಾಡಬೇಕಾದ ಕೆಲಸ ಯಾವುದು? ಬೆಳಿಗ್ಗೆ ಕಾರನ್ನು ಹೊರತೆಗೆಯುವ ಮುನ್ನವೇ ಅದನ್ನು ಮಾಡಬೇಕು. ಕಾರು ಕನಿಷ್ಠ ಮೂರು ಗಂಟೆ ನಿಂತಿರಬೇಕು; ಆಗ ಮಾತ್ರ ಟೈರು ತಣ್ಣಗಿದೆ ಎನ್ನಬಹುದು. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ, ಇಲ್ಲವೇ ಪೆಟ್ರೋಲ್ ತುಂಬುವ ಮುಚ್ಚಳದ ಒಳಗೆ, ಒಂದು ಚೀಟಿ ಅಂಟಿಸಿರುತ್ತಾರೆ. ಮುಂದಿನ ಟೈರಿಗೆ ಎಷ್ಟು, ಹಿಂದಿನದಕ್ಕೆ ಎಷ್ಟು, ಪೂರ್ತಿ ಜನ-ಸಾಮಾನು ಇದ್ದಾಗ ಎಷ್ಟು ಎಂದು ಅದರಲ್ಲಿ ಬರೆದಿರುತ್ತದೆ. ಟೈರಿನ ಪಕ್ಕದಲ್ಲಿಯೇ ಅಚ್ಚಾಗಿರುವ ದೊಡ್ಡ ಸಂಖ್ಯೆಯನ್ನು ನೋಡಿ ತುಂಬಬೇಡಿ. ಅದು ಟೈರು ತಡೆಯಬಲ್ಲ ಗರಿಷ್ಠ ಒತ್ತಡ. ನಿಮ್ಮ ಕಾರಿಗೆ ಬೇಕಾದದ್ದಲ್ಲ. ಚೀಟಿಯಲ್ಲಿ ಬಾರ್ ಅಥವಾ ಕಿಲೋಪಾಸ್ಕಲ್ ಇದ್ದರೆ ಗಾಬರಿ ಬೇಡ. 1 ಬಾರ್ ಎಂದರೆ 100 ಕಿಲೋಪಾಸ್ಕಲ್, ಸುಮಾರು 14.5 ಪಿ.ಎಸ್.ಐ.

ಒಂದು ಒಳ್ಳೆಯ ಗೇಜು, ಕಾಲಿನಿಂದ ಒತ್ತುವ ಪಂಪು ಅಥವಾ ಕಾರಿನ 12 ವೋಲ್ಟ್ ಸಾಕೆಟ್ಟಿನಿಂದ ನಡೆಯುವ ಸಣ್ಣ ಕಂಪ್ರೆಸರ್ ಇದ್ದರೆ ಸಾಕು. ನಾಲ್ಕೂ ಟೈರುಗಳನ್ನು ಚೀಟಿಯ ಪ್ರಕಾರ ಸರಿಮಾಡಿ, ವಾಲ್ವಿನ ಮುಚ್ಚಳವನ್ನು ಮರೆಯದೆ ಹಾಕಿ. ಸೆನ್ಸರ್ ಇರುವ ವಾಲ್ವು ಕೆಲವು ಕಾರುಗಳಲ್ಲಿ ಅಲ್ಯೂಮಿನಿಯಂನದಾಗಿರುತ್ತದೆ. ಅದಕ್ಕೆ ಅಂದಕ್ಕೆಂದು ಹಿತ್ತಾಳೆಯ ಮುಚ್ಚಳ ಹಾಕಿದರೆ, ಎರಡು ಲೋಹಗಳು ಮಳೆನೀರಿನಲ್ಲಿ ಕೂಡಿ ತುಕ್ಕು ಹಿಡಿದು, ಮುಚ್ಚಳ ತೆಗೆಯಹೋದರೆ ವಾಲ್ವೇ ಮುರಿದು ಬರುವುದುಂಟು. ಪ್ಲಾಸ್ಟಿಕ್ ಮುಚ್ಚಳವೇ ಲೇಸು.

ಇದಾದ ಮೇಲೆ ರೀಸೆಟ್. ನೇರ ವಿಧಾನದ ಕಾರಾದರೆ ಬಹಳಷ್ಟು ಸಲ ಏನನ್ನೂ ಒತ್ತಬೇಕಾಗಿಲ್ಲ. ಹತ್ತಿಪ್ಪತ್ತು ನಿಮಿಷ ಓಡಿಸಿದರೆ ಸೆನ್ಸರುಗಳು ಎಚ್ಚೆತ್ತು ಹೊಸ ಒತ್ತಡವನ್ನು ತಿಳಿಸುತ್ತವೆ, ದೀಪ ತಾನೇ ಆರುತ್ತದೆ. ಪರೋಕ್ಷ ವಿಧಾನದ ಕಾರಾದರೆ ಒತ್ತಲೇಬೇಕು. ಗುಂಡಿ ಸ್ಟಿಯರಿಂಗಿನ ಕೆಳಗೆ ಇರಬಹುದು, ಎಡಗಡೆಯ ಸಾಮಾನು ಪೆಟ್ಟಿಗೆಯೊಳಗೆ ಇರಬಹುದು, ಹೊಸ ಕಾರುಗಳಲ್ಲಿ ಪರದೆಯ ಮೇಲಿನ ಪಟ್ಟಿಯಲ್ಲಿ ಅಡಗಿರಬಹುದು. ಕಾರು ನಿಂತಿರಬೇಕು, ಹ್ಯಾಂಡ್ ಬ್ರೇಕ್ ಎಳೆದಿರಬೇಕು, ಇಗ್ನಿಷನ್ ಆನ್ ಆಗಿರಬೇಕು. ಗುಂಡಿ ಇರುವ ಟೊಯೋಟಾ ಕಾರುಗಳಲ್ಲಿ ಹಳದಿ ದೀಪ ನಿಧಾನವಾಗಿ ಮೂರು ಬಾರಿ ಮಿಣುಕುವವರೆಗೆ ಒತ್ತಿ ಹಿಡಿಯಬೇಕು. ಹೋಂಡಾದ ಪರೋಕ್ಷ ವ್ಯವಸ್ಥೆಯಲ್ಲಿ ಆಜ್ಞೆ ಕೊಟ್ಟ ಮೇಲೆ ಒಟ್ಟು ಅರ್ಧ ಗಂಟೆಯಷ್ಟು ಓಡಿಸಿದರೆ ಮಾತ್ರ ಗಣಕದ ಕಲಿಕೆ ಮುಗಿಯುತ್ತದೆ. ಅಷ್ಟರವರೆಗೆ ಅದು ನಾಲ್ಕೂ ಚಕ್ರಗಳನ್ನು ಎಣಿಸಿ ಎಣಿಸಿ ಹೊಸ ಪಾಠ ಬರೆದುಕೊಳ್ಳುತ್ತಿರುತ್ತದೆ. ಕಂಪನಿಯಿಂದ ಕಂಪನಿಗೆ, ವರ್ಷದಿಂದ ವರ್ಷಕ್ಕೆ ಕ್ರಮ ಬೇರೆಯಾಗುವುದರಿಂದ ಕಾರಿನ ಕೈಪಿಡಿಯನ್ನು ತೆಗೆದು ಓದುವುದು ಅನಿವಾರ್ಯ. ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದ ಕೈಪಿಡಿಗಳು ಎಷ್ಟೋ ಕಾರುಗಳಲ್ಲಿ ಹಾಗೆಯೇ ಕುಳಿತಿವೆ!

ಮುಂದಿನ ಟೈರು ಹಿಂದಕ್ಕೆ, ಹಿಂದಿನದು ಮುಂದಕ್ಕೆ ಬದಲಿಸಿದಾಗ ನೇರ ವಿಧಾನದ ಕಾರಿಗೂ ಹೊಸ ಪಾಠ ಬೇಕಾಗಬಹುದು. ಯಾವ ಗುರುತಿನ ಸಂಖ್ಯೆ ಈಗ ಯಾವ ಮೂಲೆಯಲ್ಲಿದೆ ಎಂದು ಅದು ತಿಳಿಯಬೇಕಲ್ಲ. ಕೆಲವು ಕಾರುಗಳು ಓಡುತ್ತಾ ಓಡುತ್ತಾ ತಾವೇ ಕಂಡುಕೊಳ್ಳುತ್ತವೆ. ಅಮೆರಿಕದ ಜನರಲ್ ಮೋಟರ್ಸ್ ಕಾರುಗಳಲ್ಲಿ ಕಲಿಕೆಯ ಸ್ಥಿತಿಗೆ ಹಾಕಿದಾಗ ಹಾರ್ನು ಎರಡು ಬಾರಿ ಕೂಗುತ್ತದೆ. ಆಮೇಲೆ ಎಡ ಮುಂದಿನದು, ಬಲ ಮುಂದಿನದು, ಬಲ ಹಿಂದಿನದು, ಎಡ ಹಿಂದಿನದು ಎಂಬ ಕ್ರಮದಲ್ಲಿ ಒಂದೊಂದು ಚಕ್ರದ ಬಳಿಯೂ ಒಂದು ಸಣ್ಣ ಉಪಕರಣ ಹಿಡಿದು ಸೆನ್ಸರನ್ನು ಎಬ್ಬಿಸಬೇಕು. ಹೊಸ ಸೆನ್ಸರ್ ಹಾಕಿದರೆ ಅನೇಕ ಕಾರುಗಳಲ್ಲಿ ಅದರ ಸಂಖ್ಯೆಯನ್ನು ಗಣಕಕ್ಕೆ ಸೇರಿಸಲು ಗ್ಯಾರೇಜಿನ ಉಪಕರಣವೇ ಬೇಕು. ಅದು ಮನೆಯ ಕೆಲಸವಲ್ಲ.

ದೀಪ ಹೊತ್ತುವ ರೀತಿಯನ್ನೂ ಗಮನಿಸಿ. ಒಮ್ಮೆಲೇ ಹೊತ್ತಿ ಹಾಗೆಯೇ ನಿಂತರೆ ಗಾಳಿ ಕಡಿಮೆ ಎಂದರ್ಥ. ಕಾರು ಚಾಲೂ ಮಾಡಿದಾಗ ಒಂದು-ಒಂದೂವರೆ ನಿಮಿಷ ಮಿಣುಕಿ ಆಮೇಲೆ ನಿಂತರೆ ವ್ಯವಸ್ಥೆಯಲ್ಲಿಯೇ ದೋಷವಿದೆ ಎಂದರ್ಥ: ಬ್ಯಾಟರಿ ಮುಗಿದ ಸೆನ್ಸರ್ ಇರಬಹುದು, ಟೈರು ಬಿಚ್ಚುವಾಗ ಸನ್ನೆಕೋಲು ತಾಗಿ ಮುರಿದಿರಬಹುದು, ಪಂಕ್ಚರ್ ಮುಚ್ಚಲು ಸುರಿದ ಅಂಟುದ್ರವ ಅದರ ರಂಧ್ರವನ್ನು ಮುಚ್ಚಿರಬಹುದು. ಆದ್ದರಿಂದ ಪಂಕ್ಚರ್ ಅಂಗಡಿಯಲ್ಲಿ ಟೈರು ಬಿಚ್ಚುವ ಮೊದಲೇ "ಅಣ್ಣಾ, ಒಳಗೆ ಸೆನ್ಸರ್ ಇದೆ, ವಾಲ್ವ್ ಹತ್ತಿರ ರಾಡ್ ಹಾಕ್ಬೇಡಿ" ಎಂದು ಹೇಳಿಬಿಡಬೇಕು.

ಜನರ ಬಾಯಲ್ಲಿರುವ ಕೆಲವು ಉಪಾಯಗಳನ್ನೂ ಪರಿಶೀಲಿಸೋಣ. ಬ್ಯಾಟರಿಯ ತಂತಿ ಕಳಚಿ ಕಾಲು ಗಂಟೆ ಬಿಟ್ಟು ಹಾಕಿದರೆ ದೀಪ ಆರುತ್ತದೆ ಎನ್ನುವುದು ಒಂದು. ಗಡಿಯಾರ, ರೇಡಿಯೋ, ಕಿಟಕಿಗಳ ಹೊಂದಾಣಿಕೆ ಅಳಿಸಿಹೋಗಬಹುದು. ಟೈರಿನೊಳಗಿನ ಸೆನ್ಸರಿಗೆ ಆ ಬ್ಯಾಟರಿಯ ಸಂಬಂಧವೇ ಇಲ್ಲ. ಇನ್ನೊಂದು, ಎಲ್ಲ ಟೈರುಗಳಿಗೂ ಮೂರು ಪಿ.ಎಸ್.ಐ. ಹೆಚ್ಚು ತುಂಬಿ, ಆಮೇಲೆ ಪೂರ್ತಿ ಖಾಲಿ ಮಾಡಿ, ಮತ್ತೆ ತುಂಬಬೇಕು ಎಂಬುದು. ಗಾಳಿ ಬಿಟ್ಟು ಸೆನ್ಸರನ್ನು ಗುರುತಿಸುವ ಕ್ರಮ ಹಿಂದೆ ಕೆಲವು ಕಾರುಗಳಲ್ಲಿ ಇತ್ತು. ಬಹುಶಃ ಅದರಿಂದ ಹುಟ್ಟಿದ ಸಲಹೆ ಇದು. ಎಲ್ಲ ಕಾರಿಗೂ ಅನ್ವಯಿಸಿದರೆ ಬರೀ ಬೆವರು ಸುರಿಸಿದಂತೆ. ಇವೆಲ್ಲಕ್ಕಿಂತ ಕೆಟ್ಟದ್ದು ಮತ್ತೊಂದಿದೆ. ವಿದೇಶಗಳಲ್ಲಿ ಕೆಲವರು ನಾಲ್ಕೂ ಸೆನ್ಸರುಗಳನ್ನು ಒಂದು ಪಿ.ವಿ.ಸಿ. ಕೊಳವೆಯೊಳಗೆ ಹಾಕಿ, ಅದಕ್ಕೆ ಗಾಳಿ ತುಂಬಿ ಮುಚ್ಚಿ, ಕಾರಿನ ಡಿಕ್ಕಿಯಲ್ಲಿ ಇಟ್ಟುಬಿಡುತ್ತಾರೆ. ಕೊಳವೆಯ ಗಾಳಿ ಎಂದೂ ಇಳಿಯುವುದಿಲ್ಲ. ದೀಪ ಎಂದೂ ಹೊತ್ತುವುದಿಲ್ಲ. ಟೈರಿನ ಗತಿ ದೇವರಿಗೇ ಗೊತ್ತು.

ಹಳೆಯ ಕಾರುಗಳಿಗೆ ಹೊರಗಿನಿಂದ ಹಾಕಿಕೊಳ್ಳುವ ಸೆನ್ಸರುಗಳೂ ಅಂಗಡಿಯಲ್ಲಿ ಸಿಗುತ್ತವೆ. ವಾಲ್ವಿನ ಮುಚ್ಚಳದ ಬದಲಿಗೆ ಇವನ್ನು ತಿರುಗಿಸಿ ಕೂರಿಸಬೇಕು. ಒಂದು ಪುಟ್ಟ ಪರದೆ ಚಾಲಕನ ಮುಂದಿರುತ್ತದೆ. ಕೆಳಗಿನ ಮಿತಿ, ಮೇಲಿನ ಮಿತಿ ಎರಡನ್ನೂ ನಾವೇ ಗೊತ್ತುಮಾಡಬೇಕು. 33 ತುಂಬುವ ಟೈರಿಗೆ ಮೇಲಿನ ಮಿತಿಯನ್ನು 36 ಎಂದಿಟ್ಟರೆ, ನಾವು ಈಗಷ್ಟೇ ಮಾಡಿದ ಲೆಕ್ಕದ ಪ್ರಕಾರ, ಹೆದ್ದಾರಿಯಲ್ಲಿ ಅದು ಸುಮ್ಮನೆ ಕಿರುಚಿಕೊಳ್ಳುತ್ತದೆ.

ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಅಥವಾ ಗಣಕ ವಿಜ್ಞಾನ ಓದುವವರಿಗೆ ಒಂದು ಮಾತು. 2010ರಲ್ಲಿ ಅಮೆರಿಕದ ರಟ್ಗರ್ಸ್ ಮತ್ತು ದಕ್ಷಿಣ ಕೆರೊಲಿನಾ ವಿಶ್ವವಿದ್ಯಾಲಯಗಳ ಸಂಶೋಧಕರು ಈ ಸೆನ್ಸರುಗಳ ಸಂದೇಶವನ್ನು 40 ಮೀಟರ್ ದೂರದಿಂದ ಕೇಳಿಸಿಕೊಂಡು ತೋರಿಸಿದರು. ಅವರು ಪರೀಕ್ಷಿಸಿದ ಸಂದೇಶಗಳಿಗೆ ಗುಪ್ತಲಿಪಿಯ ರಕ್ಷಣೆ ಇರಲಿಲ್ಲ. ಓಡುತ್ತಿರುವ ಕಾರಿಗೆ ಪಕ್ಕದ ಕಾರಿನಿಂದ ಸುಳ್ಳು ಸಂದೇಶ ಕಳಿಸಿ ಅದರ ದೀಪ ಹೊತ್ತುವಂತೆಯೂ ಮಾಡಿದರು. ಬದಲಾಗದ ಗುರುತಿನ ಸಂಖ್ಯೆಯನ್ನು ಎಲ್ಲೆಡೆ ಸಾರುತ್ತಾ ಹೋಗುವ ಕಾರನ್ನು ಹಿಂಬಾಲಿಸುವುದೂ ಸಾಧ್ಯವೆಂದರು. ಬ್ಯಾಟರಿಯ ಜಿಪುಣತನವನ್ನೂ ಬಿಡದೆ ಇದನ್ನು ತಡೆಯುವುದು ಹೇಗೆ ಎಂಬುದು ಯೋಚಿಸಬಹುದಾದ ಒಳ್ಳೆಯ ಸಮಸ್ಯೆ.

ಇನ್ನು ಸ್ಟೆಪ್ನಿಯ ಮಾತು. ಈ ಹೆಸರು ಬಂದದ್ದು ಬ್ರಿಟನ್ನಿನ ವೇಲ್ಸ್ ಪ್ರಾಂತದ ಲಾನೆಲ್ಲಿ ಊರಿನ ಸ್ಟೆಪ್ನಿ ಬೀದಿಯಿಂದ. 1904ರಲ್ಲಿ ಡೇವಿಸ್ ಸಹೋದರರು ಅಲ್ಲಿ ಹೆಚ್ಚುವರಿ ಚಕ್ರವನ್ನು ತಯಾರಿಸಿ ಮಾರತೊಡಗಿದರು. ಇಂಗ್ಲೆಂಡಿನವರು ಮರೆತ ಆ ಪದವನ್ನು ನಮ್ಮ ಮೆಕ್ಯಾನಿಕ್ಕುಗಳು ಉಳಿಸಿಕೊಂಡಿದ್ದಾರೆ. 2020ರ ಜುಲೈಯಲ್ಲಿ ನಮ್ಮ ಕೇಂದ್ರ ಸಾರಿಗೆ ಸಚಿವಾಲಯ ಹೊರಡಿಸಿದ ತಿದ್ದುಪಡಿಯ ಪ್ರಕಾರ, ಟ್ಯೂಬ್‌ಲೆಸ್ ಟೈರು, ಪಂಕ್ಚರ್ ಸರಿಪಡಿಸುವ ಸಾಮಗ್ರಿ ಮತ್ತು ಗಾಳಿ ಗಮನಿಸುವ ಈ ವ್ಯವಸ್ಥೆ ಇರುವ ಸಣ್ಣ ಪ್ರಯಾಣಿಕ ವಾಹನಗಳಲ್ಲಿ ಸ್ಟೆಪ್ನಿ ಇರಲೇಬೇಕೆಂದಿಲ್ಲ. ಅಂದರೆ ಅಂಥ ಕಾರಿನಲ್ಲಿ ಆ ಹಳದಿ ದೀಪವೇ ಐದನೆಯ ಚಕ್ರದ ಜಾಗವನ್ನು ತುಂಬಿದೆ. ಸ್ಟೆಪ್ನಿ ಇರುವ ಕಾರುಗಳಲ್ಲಿ ಸಾಮಾನ್ಯವಾಗಿ ಅದರೊಳಗೆ ಸೆನ್ಸರ್ ಇರುವುದಿಲ್ಲ. ಅದನ್ನು ಹಾಕಿಕೊಂಡು ಓಡಿಸಿದಾಗ ದೀಪ ಮಿಣುಕಿದರೆ ಗಾಬರಿಯಾಗಬೇಡಿ. ಎಷ್ಟು ರೀಸೆಟ್ ಮಾಡಿದರೂ ಅದು ಆರುವುದಿಲ್ಲ, ಸರಿಯಾದ ಚಕ್ರ ಮರಳಿದಾಗಲೇ ಆರುತ್ತದೆ.

ಶಾಲೆಯ ಮಕ್ಕಳಿಗೆ ಮನೆಯಲ್ಲಿ ಮಾಡಲು ಒಂದು ಕೆಲಸ ಕೊಡುತ್ತೇನೆ. ಕಾರೇ ಬೇಕೆಂದಿಲ್ಲ, ಸ್ಕೂಟರಿನ ಟೈರಾದರೂ ಆದೀತು. ದೊಡ್ಡವರ ಅನುಮತಿ ಪಡೆದು, ಪ್ರತಿ ಭಾನುವಾರ ಬೆಳಿಗ್ಗೆ, ವಾಹನ ಹೊರಡುವ ಮುಂಚೆ, ಟೈರುಗಳ ಒತ್ತಡವನ್ನೂ ಆ ಹೊತ್ತಿನ ಉಷ್ಣತೆಯನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಎರಡು ತಿಂಗಳು ಗಾಳಿ ತುಂಬಿಸಿದಾಗಲೆಲ್ಲ ಅದನ್ನೂ ನಮೂದಿಸಿ. ಆಮೇಲೆ ಗ್ರಾಫ್ ಹಾಳೆಯಲ್ಲಿ ಪ್ರತಿ ಟೈರಿಗೂ ಬೇರೆ ಬಣ್ಣದ ಗೆರೆ ಎಳೆಯಿರಿ. ಚಳಿ ಹೆಚ್ಚಿದ ವಾರ ಎಲ್ಲ ಗೆರೆಗಳೂ ಒಟ್ಟಿಗೆ ತಗ್ಗುವುದು ಕಾಣುತ್ತದೆ. ಒಂದೇ ಗೆರೆ ಉಳಿದವನ್ನು ಬಿಟ್ಟು ತಾನೊಂದೇ ಕೆಳಗಿಳಿಯುತ್ತಿದ್ದರೆ, ಆ ಚಕ್ರವನ್ನು ಪಂಕ್ಚರ್ ಅಂಗಡಿಗೆ ಕೊಂಡೊಯ್ದು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಮೊಳೆಯ ಜಾಗದಿಂದ ಬರುತ್ತದೆಯೋ ವಾಲ್ವಿನ ಬುಡದಿಂದ ಬರುತ್ತದೆಯೋ ನೋಡಿ ಬರೆದುಕೊಳ್ಳಿ.